ಅಚ್ಚು ಹಳೆಯದು, ತಗಡು ಹೊಸದು

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರೊಬ್ಬರು ಎಂಜಿಬಿ ಕಾರೊಂದನ್ನು ಕೊಂಡಿದ್ದಾರೆ. 1970ರ ದಶಕದ, ಎರಡು ಸೀಟಿನ, ಚಾವಣಿಯಿಲ್ಲದ ಸ್ಪೋರ್ಟ್ಸ್ ಕಾರು. ಎಂಜಿನ್ ಗಟ್ಟಿಮುಟ್ಟು, ಮೈ ಮಾತ್ರ ತುಕ್ಕಿನ ಪಾಲು. ಮುಂದಿನ ಫೆಂಡರ್ ಬದಲಿಸೋಣವೆಂದು ಹೊರಟರೆ ಎರಡು ಬಗೆ ಸಿಕ್ಕಿವೆ. ಒಂದಕ್ಕೆ ‘ಮೂಲ ಅಚ್ಚಿನಲ್ಲೇ ಒತ್ತಿದ್ದು’ ಎಂಬ ಬಿರುದು, ಬಿರುದಿಗೆ ತಕ್ಕ ಬೆಲೆ. ಇನ್ನೊಂದು ಬಿರುದಿಲ್ಲದ ಅಗ್ಗದ ಮಾಲು. ಎರಡೂ ಉಕ್ಕು, ದಪ್ಪವೂ ಒಂದೇ, ಪಕ್ಕಪಕ್ಕ ನಿಲ್ಲಿಸಿದರೆ ಅವಳಿಜವಳಿ. “ತಗಡು ತಗಡೇ ಅಲ್ಲವೇ ಸಾರ್? ಅಚ್ಚಿನ ಹೆಸರು ಹೇಳಿ ನನ್ನ ತಲೆ ಬೋಳಿಸುತ್ತಿದ್ದಾರೆಯೇ?” ಎಂದು ಕೇಳಿದ್ದಾರೆ.

ಅರ್ಧ ಬೋಳಿಸುತ್ತಿದ್ದಾರೆ. ಉಳಿದರ್ಧದಲ್ಲಿ ಸ್ವಾರಸ್ಯವಾದ ವಿಜ್ಞಾನವಿದೆ.

ಅಚ್ಚಿನ ಕಥೆ ಸುಳ್ಳಲ್ಲ. 1962ರಿಂದ 1980ರವರೆಗೆ ಆಬಿಂಗ್ಡನ್ ಊರಿನ ಕಾರ್ಖಾನೆಯಿಂದ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಆಮೇಲೆ ಕಾರ್ಖಾನೆಗೆ ಬೀಗ ಬಿತ್ತು. ಟನ್‌ಗಟ್ಟಲೆ ತೂಗುವ ಅಚ್ಚುಗಳು, ಅಂದರೆ ಪ್ರೆಸ್ಸಿನ ಡೈಗಳು, ಗುಜರಿಗೆ ಹೋಗಬೇಕಿತ್ತು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಉಳಿದವನ್ನು ಹುಡುಕಿ ಕಲೆಹಾಕಿ, 1988ರಲ್ಲಿ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರತೊಡಗಿತು. ಅದೇ ಬಾಡಿಯನ್ನು ಆಧಾರವಾಗಿಟ್ಟುಕೊಂಡು 1990ರ ದಶಕದಲ್ಲಿ ರೋವರ್ ಕಂಪನಿ ‘ಆರ್‌ವಿ8’ ಎಂಬ ಹೊಸ ಎಂಜಿಯನ್ನೇ ತಯಾರಿಸಿತು. ಸುಮಾರು 2,000 ಕಾರುಗಳು. ಬಹುಪಾಲು ಜಪಾನಿಗೆ ಹೋದವು.

ಹಾಗಾದರೆ ಅಚ್ಚು ಅದೇ ಆದರೆ ತಗಡಿನ ಆಕಾರವೂ ಅದೇ ತಾನೆ? ಮನೆಯಲ್ಲೇ ಪರೀಕ್ಷಿಸಬಹುದು. ಹಳೆಯ ಗೋಡೆ ಕ್ಯಾಲೆಂಡರಿನ ತಲೆಗೆ ಹಾಕಿರುವ ತಗಡಿನ ಪಟ್ಟಿ ಬಿಚ್ಚಿಕೊಳ್ಳಿ. ಮೇಜಿನ ಅಂಚಿಗಿಟ್ಟು ಸರಿಯಾಗಿ ತೊಂಬತ್ತು ಡಿಗ್ರಿ ಬಗ್ಗಿಸಿ, ಕೈ ಬಿಡಿ. ಪಟ್ಟಿ ಒಂದಿಷ್ಟು ಹಿಂದಕ್ಕೆ ಬರುತ್ತದೆ. ಬಗ್ಗಿದ್ದರಲ್ಲಿ ಒಂದು ಪಾಲು ಶಾಶ್ವತ, ಇನ್ನೊಂದು ಪಾಲು ಬರೀ ಸ್ಪ್ರಿಂಗು. ತಗಡು ಗಡಸಾದಷ್ಟೂ ಈ ಪುಟಿತ ಹೆಚ್ಚು. ಗಡಸುತನ ಒಂದೇ ಆಗಿದ್ದರೆ ಅಲ್ಯೂಮಿನಿಯಂ ಉಕ್ಕಿನ ಮೂರು ಪಟ್ಟು ಪುಟಿಯುತ್ತದೆ, ಯಾಕೆಂದರೆ ಅದರ ಸ್ಥಿತಿಸ್ಥಾಪಕತೆಯ ಅಂಕ 70 ಗಿಗಾಪ್ಯಾಸ್ಕಲ್, ಉಕ್ಕಿನದು 210. (ಎಂಜಿಬಿಯ ಮೊದಮೊದಲ ಬಾನೆಟ್‌ಗಳು ಅಲ್ಯೂಮಿನಿಯಂ ಆಗಿದ್ದವು, ಆಮೇಲೆ ಉಕ್ಕಿಗೆ ಬಂದರು.)

ಆಗತಾನೆ ಕಲಸಿದ ಹಿಟ್ಟನ್ನು ಲಟ್ಟಿಸಿದರೆ ಚಪಾತಿ ಹಿಂದೆ ಸರಿಯುವುದು ಗೊತ್ತೇ ಇದೆ. ಪಳಗಿದ ಕೈ ಬೇಕಾದ ಅಳತೆಗಿಂತ ಒಂದು ಬೆರಳು ಅಗಲವಾಗಿಯೇ ಲಟ್ಟಿಸುತ್ತದೆ. ಡೈ ಕಡೆಯುವವರೂ ಹಾಗೆಯೇ. ತಗಡು ಎಷ್ಟು ಪುಟಿಯುತ್ತದೋ ಅಷ್ಟು ಮುಂಚಿತವಾಗಿ ಹೆಚ್ಚು ಬಗ್ಗಿಸುವಂತೆ ಕಡೆಯುತ್ತಾರೆ. ಆದ್ದರಿಂದ ಡೈಯಲ್ಲಿರುವುದು ಫೆಂಡರಿನ ಆಕಾರವಲ್ಲ. ಫೆಂಡರಿನ ಆಕಾರಕ್ಕೆ ಆ ಕಾಲದ ಉಕ್ಕಿನ ಹಟವನ್ನೂ ಕೂಡಿಸಿದ ಆಕಾರ.

ಆ ಹಟ ಎಲ್ಲಿಂದ ಬಂತು? ಇಲ್ಲಿ ನನಗೆ ಛತ್ರದ ಜಮಖಾನ ಬೇಕು. ಮದುವೆಮನೆಯಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಗೇಣುದ್ದ ಸರಿಸಬೇಕೆನ್ನಿ. ನಾಲ್ಕು ಜನ ಹಿಡಿದೆಳೆದರೂ ಜಗ್ಗದು. ಚಿಕ್ಕಂದಿನಲ್ಲಿ ನೋಡಿದ್ದೇನೆ: ಛತ್ರದ ಮುದುಕರು ಒಂದಂಚನ್ನು ಒಳಕ್ಕೆ ತಳ್ಳಿ ಸುಕ್ಕೊಂದನ್ನು ಎಬ್ಬಿಸುತ್ತಿದ್ದರು. ಆಮೇಲೆ ಆ ಸುಕ್ಕನ್ನು ಕಾಲಿನಿಂದ ನೂಕುತ್ತ ಆಚೆಯ ಅಂಚಿನವರೆಗೆ ಓಡಿಸುತ್ತಿದ್ದರು. ಸುಕ್ಕು ಆಚೆ ಬಿತ್ತೆಂದರೆ ಜಮಖಾನ ಅಷ್ಟು ಸರಿದಿರುತ್ತಿತ್ತು, ಒಬ್ಬರೇ ಮುದುಕರ ಬಲದಲ್ಲಿ. ಲೋಹವೂ ಬಾಗುವುದು ಹೀಗೆಯೇ. ಪರಮಾಣುಗಳ ಸಾಲು ಸಾಲೇ ಒಟ್ಟಿಗೆ ಜಾರಬೇಕಾಗಿದ್ದರೆ ಲೋಹಗಳು ಈಗಿರುವುದಕ್ಕಿಂತ ನೂರಾರು ಪಟ್ಟು ಗಟ್ಟಿಯಾಗಿರಬೇಕಿತ್ತು. ಹಾಗಿಲ್ಲವಲ್ಲ ಏಕೆ ಎಂದು ತಲೆ ಕೆಡಿಸಿಕೊಂಡ ಮೂವರು, ಇಂಗ್ಲೆಂಡಿನ ಜಿ. ಐ. ಟೇಲರ್, ಹಂಗೇರಿ ಮೂಲದ ಒರೊವಾನ್ ಮತ್ತು ಪೊಲಾನ್ಯಿ, 1934ರಲ್ಲಿ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು: ಲೋಹದ ಹರಳಿನೊಳಗೆ ಸುಕ್ಕುಗಳಿವೆ, ಅವು ಓಡಾಡುತ್ತವೆ. ಅವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡದ್ದು 1956ರಲ್ಲಿ. ಇಪ್ಪತ್ತೆರಡು ವರ್ಷ ಬರೀ ಲೆಕ್ಕದ ಮೇಲಿನ ನಂಬಿಕೆ!

ಸುಕ್ಕಿನಡಿಯ ಟೊಳ್ಳಿನಲ್ಲಿ ನಾಲ್ಕು ಮಕ್ಕಳು ನುಸುಳಿ ಕೂತರೆ ಏನಾಗುತ್ತದೆ? ಸುಕ್ಕು ಕದಲದು. ಉಕ್ಕಿನಲ್ಲಿ ಆ ಮಕ್ಕಳ ಪಾತ್ರ ಕಾರ್ಬನ್, ನೈಟ್ರೋಜನ್ ಪರಮಾಣುಗಳದ್ದು. ತಿಂಗಳುಗಟ್ಟಲೆ ನಿಧಾನವಾಗಿ ತೆವಳಿ ಬಂದು ಸುಕ್ಕುಗಳಡಿ ಸೇರಿಕೊಂಡು ತಗಡನ್ನು ಬಿಗಿಸುತ್ತವೆ. ಕಾಟ್ರೆಲ್ ಮತ್ತು ಬಿಲ್ಬಿ ಎಂಬ ವಿಜ್ಞಾನಿಗಳು 1949ರಲ್ಲಿ ಇದರ ಲೆಕ್ಕ ಕೊಟ್ಟರು. ಎಂಜಿಬಿ ಹುಟ್ಟಿದ ಕಾಲದಲ್ಲಿ ಕಾರುಗಳಿಗೆ ಹೆಚ್ಚಾಗಿ ಬಳಸುತ್ತಿದ್ದ ‘ರಿಮ್ಡ್’ ಉಕ್ಕಿನಲ್ಲಿ ಇಂಥ ಪುಂಡ ಮಕ್ಕಳು ಯಥೇಚ್ಛ. ಈಗ ಸಿಗುವ ಕೆಲವು ಉಕ್ಕುಗಳಲ್ಲಿ ಟೈಟಾನಿಯಮ್ಮನ್ನೋ ನಿಯೋಬಿಯಮ್ಮನ್ನೋ ಚಿಟಿಕೆಯಷ್ಟು ಬೆರೆಸಿ ಅವರನ್ನೆಲ್ಲ ಕಟ್ಟಿಹಾಕಿರುತ್ತಾರೆ.

ಈಗ ಬಿರುದಿನ ವಿಚಾರ. ಮೂಲ ಡೈಗೆ ಪರಿಚಯವಿದ್ದ ಹಿಟ್ಟು ಬೇರೆ, ಇಂದು ಅದರಡಿ ಇಡುವ ಹಿಟ್ಟು ಬೇರೆ. ಜೊತೆಗೆ ಲಕ್ಷಾಂತರ ಬಾರಿ ಒತ್ತಿದ ಡೈ ಸವೆಯುತ್ತದೆ. ಮೊದಲು ಮೊಂಡಾಗುವುದು ಕಾರಿನ ಪಕ್ಕದಲ್ಲಿ ಓಡುವ ಆ ಚೂಪು ಗೆರೆ. ಆದರೂ ಮೂಲ ಡೈಯೇ ಸಾಮಾನ್ಯವಾಗಿ ಮೇಲು, ಏಕೆಂದರೆ ಅಗ್ಗದ ಡೈ ಮಾಡುವವರು ಎಷ್ಟೋ ಸಲ ಹಳೆಯ ಫೆಂಡರೊಂದನ್ನೇ ಅಳೆದು ಕಡೆದಿರುತ್ತಾರೆ. ಅಳೆದ ಆ ಫೆಂಡರ್ ಯಾವ ಗುದ್ದು ತಿಂದು, ಯಾವ ಟಿಂಕರಿಂಗ್ ಶೆಡ್ಡಿನಲ್ಲಿ ನೆಟ್ಟಗಾಗಿತ್ತೋ. ‘ಐವತ್ತು ವರ್ಷದಿಂದ ಗೋದಾಮಿನಲ್ಲಿದ್ದ ಅಸಲಿ ಮಾಲು’ ಎಂದು ಕೇಳುವ ಬೆಲೆಯಂತೂ ಭಕ್ತಿಯ ಬೆಲೆ. ಅಷ್ಟು ವರ್ಷ ಮಕ್ಕಳು ಸುಕ್ಕಿನಡಿ ಸೇರುತ್ತಲೇ ಇದ್ದಾರೆ. ಸುತ್ತಿಗೆಗೆ ಅದು ಹೊಸ ತಗಡಿನಷ್ಟು ಸುಲಭವಾಗಿ ಬಾಗುವುದಿಲ್ಲ. ಇಷ್ಟಕ್ಕೂ ಆ ಕಾಲದ ಕಾರ್ಖಾನೆಗಳಲ್ಲೇ ಎಲ್ಲವೂ ಜೋಡಿಸಿದೊಡನೆ ಕೂರುತ್ತಿತ್ತೆಂದು ಯಾರು ಹೇಳಿದರು? ಮರದ ಸುತ್ತಿಗೆ ಹಿಡಿದು ಬಾಗಿಲು ಬಗ್ಗಿಸುವವರು, ಸಂದುಗಳಿಗೆ ಸೀಸ-ತವರದ ಬೆಸುಗೆ ಮೆತ್ತಿ ಅರದಲ್ಲಿ ಉಜ್ಜುವವರು ಸಾಲಾಗಿ ನಿಂತಿರುತ್ತಿದ್ದರು.

‘ಸತು ಲೇಪಿಸಿದ್ದು, ತುಕ್ಕೇ ಹಿಡಿಯದು’ ಎಂಬ ಇನ್ನೊಂದು ಜಾಹೀರಾತನ್ನೂ ಓದುಗರು ಕಳಿಸಿದ್ದಾರೆ. ಸತು ತಾನು ಕರಗಿ ಉಕ್ಕನ್ನು ಕಾಯುತ್ತದೆ, ನಿಜ. ಈ ಉಪಾಯವನ್ನು 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಗೆ ಹೇಳಿಕೊಟ್ಟಿದ್ದ: ಹಡಗಿನ ತಳದ ತಾಮ್ರದ ಹೊದಿಕೆಗೆ ಸತುವಿನ ಅಥವಾ ಕಬ್ಬಿಣದ ತುಂಡು ಅಂಟಿಸಿದರೆ ತಾಮ್ರ ಸವೆಯದು. ತಾಮ್ರ ಸವೆಯಲಿಲ್ಲ. ಆದರೆ ಕರಗುವ ತಾಮ್ರದ ವಿಷವೇ ಅಷ್ಟು ದಿನ ಪಾಚಿ, ಚಿಪ್ಪುಹುಳುಗಳನ್ನು ದೂರವಿಟ್ಟಿತ್ತು. ಅದು ನಿಂತದ್ದೇ ಹಡಗಿನ ತಳವೆಲ್ಲ ಚಿಪ್ಪುಮಯವಾಗಿ ವೇಗ ಕುಂದಿತು. ಪಾಪ ಡೇವಿ. ಕಾರಿನ ಪ್ಯಾನೆಲ್ಲಿನಲ್ಲಿ ತೊಡಕು ಬೇರೆ. ಸತು ಕುದಿಯುವುದು 907 ಡಿಗ್ರಿಗೆ, ಉಕ್ಕು ಕರಗುವುದು 1,500ರ ಆಸುಪಾಸಿನಲ್ಲಿ. ವೆಲ್ಡಿಂಗ್ ಮಾಡಿದಲ್ಲೆಲ್ಲ ಸತು ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ, ಉಸಿರಾಡಿದವರಿಗೆ ಜ್ವರವನ್ನೂ ತರುತ್ತದೆ. ತುಕ್ಕು ಮೊದಲು ಹಿಡಿಯುವುದು ಸಂದಿಗೆ. ಕಾವಲು ಇಲ್ಲದಾಗುವುದೂ ಅಲ್ಲೇ.

ಅಷ್ಟಾಗಿ ಎಂಜಿಬಿಯ ಮುಂದಿನ ಫೆಂಡರ್ ನಿಂತಿರುವುದು ಬೋಲ್ಟುಗಳ ಮೇಲೆ. ಸರಿಹೊಂದದಿದ್ದರೆ ಬಿಚ್ಚಿದರಾಯಿತು. ಬಣ್ಣ ಹೊಡೆಯುವ ಮೊದಲೇ ಬಾನೆಟ್, ಬಾಗಿಲು ಎಲ್ಲ ಸಿಕ್ಕಿಸಿ ಸಂದು ನೋಡಿಕೊಳ್ಳಿ. ಅಗ್ಗದ್ದೇ ಕೂತರೆ ಅಗ್ಗದ್ದೇ ಇರಲಿ. ಹಣ ಸುರಿಯಬೇಕಾದ ಜಾಗ ಬಾಗಿಲ ಕೆಳಗಿದೆ. ಚಾವಣಿಯಿಲ್ಲದ ಈ ಕಾರಿನ ನಡು ಬಾಗದಂತೆ ಹಿಡಿದಿರುವುದು ಎರಡು ಪಕ್ಕದ ಸಿಲ್‌ಗಳು, ಅಂದರೆ ತಗಡಿನ ಮೇಲೆ ತಗಡು ಸೇರಿಸಿ ವೆಲ್ಡ್ ಮಾಡಿದ ಉದ್ದನೆಯ ಪೆಟ್ಟಿಗೆಗಳು. ಮುಂದಿನ ಚಕ್ರ ಎರಚಿದ ಕೆಸರು ಫೆಂಡರಿನ ಹಿಂದೆ ಸೇರಿ, ಒಳಗಿನಿಂದಲೇ ಇವನ್ನು ತಿನ್ನುತ್ತದೆ. ಬಾಗಿಲ ಚೌಕಟ್ಟಿಗೆ ಅಡ್ಡ ಪೈಪು ಬೆಸೆಯದೆ ಸಿಲ್ ಕತ್ತರಿಸಿದರೆ ಕಾರು ನಡುವಿನಲ್ಲಿ ಕುಸಿಯುತ್ತದೆ, ಬಾಗಿಲ ಮೇಲ್ಗಡೆಯ ಸಂದು ಮುಚ್ಚಿಕೊಳ್ಳುತ್ತದೆ. ಆ ಸ್ಥಿತಿಯಲ್ಲೇ ಹೊಸ ಸಿಲ್ ಬೆಸೆದರೆ ಮೂಲ ಡೈಯ ಬಾಗಿಲೂ ಹಾಕಿಕೊಳ್ಳುವುದಿಲ್ಲ.

ಹೀಗಾಗಿ ಓದುಗರಿಗೆ ಫೆಂಡರಿನ ಬಗ್ಗೆ ಒಂದೇ ಸಾಲು ಬರೆದು, ಮೊದಲು ಸ್ಕ್ರೂಡ್ರೈವರಿನಿಂದ ಸಿಲ್ ತಟ್ಟಿ ನೋಡಿ, ಟಣ್ ಎನ್ನುತ್ತದೋ ಬದ್ ಎನ್ನುತ್ತದೋ ತಿಳಿಸಿ ಎಂದಿದ್ದೆ. ಮೊನ್ನೆ ಉತ್ತರ ಬಂತು. ಸದ್ದೇ ಬರಲಿಲ್ಲವಂತೆ, ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತಂತೆ.