ಅಡ್ಡಿ ಇರುವುದು ಯಂತ್ರದಲ್ಲೋ, ಮಾಲೀಕರ ಮೇಜಿನ ಮೇಲೋ?

ಸಣ್ಣ ಕಾರ್ಖಾನೆಯ ಮಾಲೀಕರು ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕುಳಿತುಕೊಳ್ಳುವ ಮೊದಲೇ ಮೂವರು ಕಾದು ನಿಂತಿರುತ್ತಾರೆ. ಕಚ್ಚಾ ಮಾಲು ತಂದ ಲಾರಿಯವನಿಗೆ ಬಾಡಿಗೆ ಬೇಕು. ಮೇಸ್ತ್ರಿಗೆ ಹೊಸ ಡ್ರಾಯಿಂಗಿನ ಅಳತೆಯೊಂದು ಸ್ಪಷ್ಟವಾಗಬೇಕು. ಲೆಕ್ಕ ಬರೆಯುವವರಿಗೆ ಚೆಕ್ಕಿಗೆ ಸಹಿ ಬೇಕು. ಸಂಜೆಯ ವೇಳೆಗೆ ಆಯಾಸವಂತೂ ಆಗಿರುತ್ತದೆ, ಆದರೆ ಆ ದಿನ ಕಳುಹಿಸಲೇಬೇಕಾಗಿದ್ದ ಕೊಟೇಶನ್ ಮೇಜಿನ ಮೇಲೆಯೇ ಉಳಿದಿರುತ್ತದೆ. ಇಂಥವರ ಕೈಗೆ ನಿರ್ವಹಣಾ ಶಾಸ್ತ್ರದ ಗ್ರಂಥವನ್ನಿತ್ತರೆ, ಅದು ದೊಡ್ಡ ಕಂಪನಿಗಳಿಗೆ ಸೇರಿದ್ದೆಂದು ಪಕ್ಕಕ್ಕಿಡುವುದು ಸಹಜ.

ಈ ಅನುಮಾನ ಪೂರ್ತಿ ನಿರಾಧಾರವಲ್ಲ. ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫೇಯಾಲ್ 1916ರಲ್ಲಿ ವ್ಯವಸ್ಥಾಪಕರ ಕಾರ್ಯವನ್ನು ಯೋಜನೆ, ಸಂಘಟನೆ, ಆದೇಶ, ಸಮನ್ವಯ, ನಿಯಂತ್ರಣ ಎಂದು ಐದಾಗಿ ವಿಂಗಡಿಸಿದರು. ಆದರೆ ಕೆನಡಾದ ಹೆನ್ರಿ ಮಿಂಟ್ಜ್‌ಬರ್ಗ್ ಐವರು ಮುಖ್ಯ ಕಾರ್ಯನಿರ್ವಾಹಕರನ್ನು ತಲಾ ಒಂದು ವಾರ ಹತ್ತಿರದಿಂದ ಗಮನಿಸಿದಾಗ, ಅವರ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷದೊಳಗೆ ಮುಗಿಯುತ್ತಿದ್ದವು. 1973ರಲ್ಲಿ ಪುಸ್ತಕರೂಪದಲ್ಲಿ ಬಂದ ಈ ಅಧ್ಯಯನವನ್ನು ನೋಡಿದರೆ, ಚೂರುಚೂರಾದ ದಿನವು ಸಣ್ಣ ಉದ್ದಿಮೆದಾರರಿಗಷ್ಟೇ ಮೀಸಲಾದ ಕಷ್ಟವಲ್ಲವೆಂಬುದು ತಿಳಿಯುತ್ತದೆ.

ಸಣ್ಣ ಉದ್ದಿಮೆಗೆ ನೇರವಾಗಿ ಒದಗುವ ವಿಚಾರವೊಂದು ಇಸ್ರೇಲಿನ ಭೌತಶಾಸ್ತ್ರಜ್ಞ ಎಲಿಯಾಹು ಗೋಲ್ಡ್‌ರಾಟ್ ಅವರದು. ಜೆಫ್ ಕಾಕ್ಸ್ ಜೊತೆಗೂಡಿ 1984ರಲ್ಲಿ ಪ್ರಕಟಿಸಿದ ‘ದಿ ಗೋಲ್’ ಕಾದಂಬರಿಯಲ್ಲಿ ಅವರು ಅದನ್ನು ನಿರೂಪಿಸಿದರು. ಲೇತಿನಲ್ಲಿ ಗಂಟೆಗೆ 60, ಡ್ರಿಲ್ಲಿಂಗಿನಲ್ಲಿ 50, ಗ್ರೈಂಡಿಂಗಿನಲ್ಲಿ ಕೇವಲ 25 ಬಿಡಿಭಾಗಗಳು ಆಗುತ್ತವೆ ಎನ್ನಿ. ಹೊರಹೋಗುವ ಮಾಲು ಗಂಟೆಗೆ 25 ಮಾತ್ರ. ಲೇತನ್ನು ಬಿಡುವಿಲ್ಲದೆ ಓಡಿಸಿದರೆ ಗ್ರೈಂಡಿಂಗ್ ಯಂತ್ರದ ಮುಂದೆ ರಾಶಿ ಬೆಳೆಯುತ್ತದೆ. ಬ್ಯಾಂಕಿನ ಬಡ್ಡಿ ಆ ರಾಶಿಯ ಮೇಲೂ ಏರುತ್ತದೆ. ಗ್ರೈಂಡಿಂಗ್ ಒಂದು ಗಂಟೆ ನಿಂತರೆ ಇಡೀ ಕಾರ್ಖಾನೆಯೇ ಒಂದು ಗಂಟೆ ನಿಂತಂತೆ.

ಯಂತ್ರದ ವಿಷಯದಲ್ಲಿ ಇದನ್ನು ಅನುಭವಿ ಮೇಸ್ತ್ರಿಗಳೆಲ್ಲ ಬಲ್ಲರು. ಆದರೆ ಅನೇಕ ಸಣ್ಣ ಘಟಕಗಳಲ್ಲಿ ಅತ್ಯಂತ ಇಕ್ಕಟ್ಟಾದ ಸ್ಥಳವು ಯಂತ್ರವಲ್ಲ, ಸ್ವತಃ ಮಾಲೀಕರೇ. ದರ ನಿಗದಿ, ಖರೀದಿ, ರಜೆ, ತಪಾಸಣಾ ವರದಿಯ ಸಹಿ ಎಲ್ಲವೂ ಅವರೊಬ್ಬರ ಮೂಲಕವೇ ಹಾಯಬೇಕು. ಗ್ರೈಂಡಿಂಗ್ ಯಂತ್ರದ ಮುಂದಿನ ರಾಶಿಯಂತೆಯೇ ಮೇಜಿನ ಮೇಲಿನ ಕಾಗದಗಳೂ. ಇದರ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣದಿದ್ದರೂ ನಿಜವಾದದ್ದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿಸಣ್ಣ ಹಾಗೂ ಸಣ್ಣ ಪೂರೈಕೆದಾರರಿಗೆ ಹಣ ಪಾವತಿಯ ಒಪ್ಪಂದದ ಅವಧಿ, ಸರಕು ಸ್ವೀಕೃತವಾದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಒಂದು ಸಹಿಗಾಗಿ ಸಿದ್ಧ ಮಾಲು ನಾಲ್ಕು ದಿನ ಗೋದಾಮಿನಲ್ಲಿ ಕುಳಿತರೆ ಆ ಎಣಿಕೆ ಆರಂಭವೇ ಆಗುವುದಿಲ್ಲ.

ಇದನ್ನು ಪತ್ತೆಹಚ್ಚಲು ಸಲಹೆಗಾರರು ಬೇಕಿಲ್ಲ. ಒಂದು ವಾರ ಕಾಲ, ಯಾರು ಯಾವ ತೀರ್ಮಾನಕ್ಕಾಗಿ ಎಷ್ಟು ಹೊತ್ತು ಮಾಲೀಕರನ್ನು ಕಾದರು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗುರುತಿಸಿದರೆ ಸಾಕು. ಇಕ್ಕಟ್ಟು ತಿಳಿದ ಮೇಲೆ ಮೊದಲು ಹಣ ಸುರಿಯಬಾರದು, ಇರುವ ಸಾಮರ್ಥ್ಯವನ್ನೇ ಪೂರ್ತಿ ಬಳಸಬೇಕು ಎಂಬುದು ಗೋಲ್ಡ್‌ರಾಟ್ ಅವರ ಕ್ರಮ. ದೋಷವುಳ್ಳ ಬಿಡಿಭಾಗವನ್ನು ಇಕ್ಕಟ್ಟಿನ ಯಂತ್ರಕ್ಕೆ ಏರಿಸುವ ಮೊದಲೇ ತಪಾಸಣೆ ಮಾಡಿ ತೆಗೆಯುವುದು ಅದರ ಒಂದು ಉಪಾಯ. ಮೇಜಿಗೂ ಇದೇ ನಿಯಮ ಅನ್ವಯಿಸುತ್ತದೆ: ಕಚ್ಚಾ ಮಾಲಿನ ತೂಕ, ದರ, ಯಂತ್ರದ ಸಮಯ ಇವೆಲ್ಲ ತುಂಬಿರದ ಕೊಟೇಶನ್ ಮಾಲೀಕರ ಮುಂದೆ ಬರಲೇಬಾರದು.

ಅದೇ ಕಾದಂಬರಿಯಲ್ಲಿ ಚಾರಣ ಹೊರಟ ಹುಡುಗರ ಸಾಲನ್ನು ನಿಧಾನಗತಿಯ ಹುಡುಗನೊಬ್ಬ ತಡೆಯುತ್ತಾನೆ. ಅವನ ಚೀಲದ ಭಾರವನ್ನು ಉಳಿದವರು ಹಂಚಿಕೊಂಡಾಗ ಇಡೀ ಸಾಲಿನ ವೇಗ ಹೆಚ್ಚುತ್ತದೆ. ಮಾಲೀಕರು ಭಾರ ಹಂಚಲು ಹಿಂಜರಿಯುವುದು ಹಣ ಸೋರೀತೆಂಬ ಭಯದಿಂದ. ಆ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಚೆಕ್ಕಿನ ಸಹಿ ಮಾಲೀಕರಲ್ಲೇ ಇರಲಿ. ಆದರೆ ಡ್ರಿಲ್ ಬಿಟ್, ಕಟಿಂಗ್ ಆಯಿಲ್‌ಗಳ ಖರೀದಿಗೂ ಅವರೇ ಬೇಕೆ? ತಿಂಗಳಿಗೆ ಎಷ್ಟು ತಪ್ಪನ್ನು ತಾಳಿಕೊಳ್ಳಬಹುದೆಂದು ನಿಶ್ಚಯಿಸಿ, ಅಷ್ಟು ಮೊತ್ತದವರೆಗಿನ ತೀರ್ಮಾನವನ್ನು ಮೇಸ್ತ್ರಿಗೆ ಬಿಟ್ಟು, ವಾರಕ್ಕೊಮ್ಮೆ ರಸೀದಿಗಳನ್ನು ನೋಡಿದರೆ ಭಯಕ್ಕೂ ಒಂದು ಮಿತಿ ದೊರೆಯುತ್ತದೆ. ಮೊದಲ ತಿಂಗಳು ತಪ್ಪುಗಳು ಆಗಿಯೇ ಆಗುತ್ತವೆ. ಅಲ್ಲಿಗೇ ಅಧಿಕಾರವನ್ನು ಹಿಂತೆಗೆದುಕೊಂಡರೆ ಮೇಸ್ತ್ರಿ ಮತ್ತೆಂದೂ ಸ್ವತಃ ತೀರ್ಮಾನಿಸಲಾರ.

ಮಾಲೀಕರ ಮೇಜು ತೆರವಾದಾಗ ಇಕ್ಕಟ್ಟು ಬೇರೆಡೆಗೆ ಸರಿಯುತ್ತದೆ. ಅದು ಗ್ರೈಂಡಿಂಗಿನಲ್ಲಿದ್ದರೆ ಎರಡನೇ ಪಾಳಿಯನ್ನೋ ಹೊರಗಿನ ಜಾಬ್ ವರ್ಕನ್ನೋ ಯೋಚಿಸಬಹುದು. ಆರ್ಡರುಗಳೇ ಸಾಲದಿದ್ದರೆ ಹೊಸ ಯಂತ್ರಕ್ಕೆಂದು ತಂದ ಸಾಲ ಬರಿಯ ಹೊರೆಯಾಗುತ್ತದೆ. ಆಗ ಉಳಿದ ಗಂಟೆಗಳನ್ನು ಮಾಲೀಕರು ಗ್ರಾಹಕರ ಬಾಗಿಲಲ್ಲಿ ಕಳೆಯಬೇಕಾಗುತ್ತದೆ.