ಶೋಕದ ಮನೆಯಲ್ಲಿ ಹಬ್ಬದ ದೀಪ

ಹಬ್ಬವೆಂದರೆ ಸಂತೋಷದ ಕಾಲವೆಂದು ನಾವೆಲ್ಲರೂ ಭಾವಿಸುತ್ತೇವೆ. ಆದರೆ ಪ್ರತಿವರ್ಷವೂ ಪ್ರತಿಯೊಂದು ಊರಿನ ಕೆಲವು ಮನೆಗಳಿಗೆ ಹಬ್ಬವೇ ಅತ್ಯಂತ ಕಠಿಣವಾದ ಕಾಲವಾಗಿರುತ್ತದೆ. ಆ ವರ್ಷ ಆ ಮನೆಯವರಲ್ಲೊಬ್ಬರು ಅಗಲಿರುತ್ತಾರೆ. ಕೆಲವು ವರ್ಷಗಳ ಹಿಂದೆ ಪ್ರಸಾದನಿಲಯದ ಬಾಲಕನೊಬ್ಬನು ದೀಪಾವಳಿಯ ರಜೆಗೆ ಊರಿಗೆ ಹೋಗಲು ಒಪ್ಪಲಿಲ್ಲ. ಕಾರಣ ಕೇಳಿದಾಗ, “ಈ ಸಲ ನಮ್ಮ ಮನ್ಯಾಗ ಹಬ್ಬ ಇಲ್ಲರೀ ಸರ್, ಅವ್ವ ಇಲ್ಲ” ಎಂದನು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಓದಿ, ಕಂಡು ತಿಳಿದುದನ್ನು ವಿದ್ಯಾರ್ಥಿಗಳಿಗಾಗಿಯೂ ಪಾಲಕರಿಗಾಗಿಯೂ ಇಲ್ಲಿ ನಿವೇದಿಸುತ್ತಿದ್ದೇನೆ.

ಹಬ್ಬದಲ್ಲಿ ದುಃಖವು ಮರುಕಳಿಸುವುದೇಕೆ? ಹಬ್ಬದ ಪ್ರತಿಯೊಂದು ಕೆಲಸಕ್ಕೂ ಒಬ್ಬರ ಕೈಯ ಗುರುತಿರುತ್ತದೆ. ನರಕಚತುರ್ದಶಿಯ ನಸುಕಿನಲ್ಲಿ ತಲೆಗೆ ಎಣ್ಣೆ ಹಚ್ಚಿದ ಕೈ, ಹೋಳಿಗೆ ಲಟ್ಟಿಸಿದ ಕೈ, ಆರತಿ ಬೆಳಗಿದ ಕೈ ಇಲ್ಲವಾದಾಗ ಆ ಕೆಲಸವೇ ಅಗಲಿಕೆಯನ್ನು ಸಾರಿ ಹೇಳುತ್ತದೆ. ಸುತ್ತಲಿನ ಮನೆಗಳ ಸಂಭ್ರಮವು ಈ ಮನೆಯ ಮೌನವನ್ನು ಇನ್ನಷ್ಟು ಗಾಢವಾಗಿಸುತ್ತದೆ.

ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಬಹುಕಾಲದಿಂದ ವಿಚಾರಿಸಿದ್ದಾರೆ. ಅಗಲಿದವರಿಂದ ಮನಸ್ಸನ್ನು ಮೆಲ್ಲಗೆ ಬಿಡಿಸಿಕೊಳ್ಳುವುದೇ ಶೋಕದ ಕಾರ್ಯವೆಂದು ಫ್ರಾಯ್ಡ್ 1917ರಲ್ಲಿ ಬರೆದರು. 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್-ರಾಸ್ ಐದು ಹಂತಗಳನ್ನು ವಿವರಿಸಿದರು. ಆದರೆ ಅವು ಸಾವಿನ ಸಮೀಪದಲ್ಲಿದ್ದ ರೋಗಿಗಳ ಮಾತುಗಳಿಂದ ಮೂಡಿದವು. ಶೋಕಿಸುವವರೆಲ್ಲರೂ ಆ ಹಂತಗಳನ್ನು ಕ್ರಮವಾಗಿ ಹಾದುಹೋಗಲೇಬೇಕೆಂಬ ನಿಯಮವಿಲ್ಲ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಷುಟ್ ಎಂಬ ವಿದ್ವಾಂಸರು 1999ರಲ್ಲಿ ಮಂಡಿಸಿದ ವಿಚಾರವು ಹೆಚ್ಚು ಉಪಯುಕ್ತವಾಗಿದೆ. ಶೋಕಿಸುವ ಮನಸ್ಸು ಕೆಲವು ಹೊತ್ತು ನಷ್ಟದ ಕಡೆಗೂ ಕೆಲವು ಹೊತ್ತು ಮುಂದಿನ ಬಾಳಿನ ಕಡೆಗೂ ತೂಗುಯ್ಯಾಲೆಯಂತೆ ಚಲಿಸುತ್ತದೆ, ಎರಡೂ ಅವಶ್ಯಕ. ಆದುದರಿಂದ ಬೆಳಿಗ್ಗೆ ತಾಯಿಯನ್ನು ನೆನೆದು ಅತ್ತ ಮಗುವು ಸಂಜೆ ಗೆಳೆಯರೊಡನೆ ನಕ್ಕರೆ ಅದು ತಪ್ಪಲ್ಲ, ಮರೆವೂ ಅಲ್ಲ.

ನಮ್ಮ ಹಿರಿಯರು ಈ ಸತ್ಯವನ್ನು ಆಚರಣೆಯಲ್ಲಿ ಅರಿತಿದ್ದರೆಂದು ತೋರುತ್ತದೆ. ಮಹಾಲಯ ಅಮಾವಾಸ್ಯೆಯಂದು ನಾಡಿನ ಅನೇಕ ಮನೆಗಳಲ್ಲಿ ಹಿರಿಯರ ಹಬ್ಬ ನಡೆಯುತ್ತದೆ. ಅಗಲಿದವರಿಗೆ ಪ್ರಿಯವಾಗಿದ್ದ ಅಡುಗೆಯನ್ನು ಎಡೆಯಿಟ್ಟು ನೆನೆಯುತ್ತಾರೆ. ಸರಿಯಾಗಿ ಒಂದು ಚಾಂದ್ರಮಾಸದ ಅನಂತರ ದೀಪಾವಳಿಯ ಅಮಾವಾಸ್ಯೆ ಬರುತ್ತದೆ. ಮೊದಲು ಸ್ಮರಣೆ, ಬಳಿಕ ಬೆಳಕು.

ಸಾವು ಸಂಭವಿಸಿದ ಮನೆಯಲ್ಲಿ ಒಂದು ವರ್ಷ ಹಬ್ಬ ಮಾಡದಿರುವ ರೂಢಿ ಹಲವೆಡೆ ಇದೆ. ನೊಂದವರಿಗೆ ಸಂಭ್ರಮದ ಹೊರೆಯಿಂದ ಬಿಡುವು ದೊರೆಯುವುದು ಅದರ ಒಳ್ಳೆಯ ಗುಣ. ಆದರೆ ದೀಪ ಹಚ್ಚಿದರೆ ಅಶುಭವಾದೀತೆಂಬ ಭಯ ಬೇಡ. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು, ಮರಣಸೂತಕವೂ ಅವುಗಳಲ್ಲೊಂದು. ಆಚರಿಸುವುದೋ ಬಿಡುವುದೋ ಎಂಬುದನ್ನು ಮನೆಯವರೆಲ್ಲರೂ, ಮಕ್ಕಳನ್ನೂ ಕೂಡಿಸಿಕೊಂಡು, ನಿರ್ಧರಿಸುವುದು ಲೇಸು.

ಇನ್ನು ಕೃತಜ್ಞತೆಯ ವಿಚಾರ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ತಾವು ಪಡೆದ ಉಪಕಾರಗಳನ್ನು ಬರೆದಿಟ್ಟವರು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬಾಳಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿದ್ದರು. ಆದರೂ ನೊಂದವರಿಗೆ “ಇದ್ದುದಕ್ಕೆ ಸಂತೋಷಪಡು, ಅಳಬೇಡ” ಎಂದು ಆಜ್ಞಾಪಿಸುವುದು ಕ್ರೌರ್ಯವಾದೀತು. ಸಾವಿಗಾಗಿ ಯಾರೂ ಕೃತಜ್ಞರಾಗಬೇಕಿಲ್ಲ. ಕೂಡಿ ಬಾಳಿದ ದಿನಗಳಿಗಾಗಿ ಆಗಬಹುದು. ಕಣ್ಣೀರು ತರುವ ನೆನಪೇ ಕೃತಜ್ಞತೆಯನ್ನೂ ತರುತ್ತದೆ. ಅಗಲಿದವರ ಪ್ರೀತಿಯ ಒಂದೇ ಒಂದು ಅಡುಗೆ ಮಾಡುವುದು, ಊಟಕ್ಕೆ ಕುಳಿತಾಗ ಒಬ್ಬೊಬ್ಬರು ಒಂದೊಂದು ಪ್ರಸಂಗವನ್ನು ಹೇಳುವುದು, ಅವರ ಹೆಸರಿನಲ್ಲಿ ದಾಸೋಹಕ್ಕೆ ಒಂದು ಸೇರು ಅಕ್ಕಿ ಕೊಡುವುದು: ಇಷ್ಟು ಸಾಕು. ನೆರೆಯವರು ಹೋಳಿಗೆ ತಂದುಕೊಟ್ಟು, ಉಪದೇಶ ಮಾಡದೆ ಸ್ವಲ್ಪ ಹೊತ್ತು ಕುಳಿತಿದ್ದರೆ ಅದೇ ದೊಡ್ಡ ಉಪಕಾರ.

ಆರು ತಿಂಗಳು ಕಳೆದ ಮೇಲೂ ಶೋಕವು ತೀವ್ರವಾಗಿಯೇ ಉಳಿದು ದಿನನಿತ್ಯದ ಬಾಳು ನಡೆಯದಂತಾದರೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು ಅಂತಹ ದೀರ್ಘಶೋಕವನ್ನು ಚಿಕಿತ್ಸೆಗೆ ಅರ್ಹವಾದ ಸ್ಥಿತಿಯೆಂದು ಗುರುತಿಸಿದೆ. ಅದೇ ವರ್ಷ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ದೂರವಾಣಿ ಮಾಡಬಹುದು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಆ ಬಾಲಕನು ಕೊನೆಗೆ ಊರಿಗೆ ಹೋದನು. “ಅಪ್ಪ ಒಬ್ಬನ ಇರ್ತಾನಲ್ಲೋ ಮಗಾ” ಎಂಬ ಅಡುಗೆಯವರ ಒಂದು ಮಾತು ಅವನನ್ನು ಹೊರಡಿಸಿತು. ಮರಳಿ ಬಂದವನು ಹೇಳಿದನು: “ಅಪ್ಪ ಹೋಳಿಗಿ ಮಾಡಾಕ ಹೋಗಿ ಸುಟ್ಟಾನ್ರೀ. ಅಕ್ಕ, ನಾನು ನಕ್ಕಿವಿ. ಆಮ್ಯಾಲ ಮೂರೂ ಮಂದಿ ಅತ್ತಿವಿ. ಅವ್ವ ಕೂಡ್ತಿದ್ದ ಜಾಗದಾಗ ದೀಪ ಹಚ್ಚಿವಿ.” ಆ ಮನೆಯಲ್ಲಿ ಹಬ್ಬವಿತ್ತು. ನೊಂದ ಪ್ರತಿಯೊಂದು ಮನೆಯಲ್ಲಿಯೂ ಅಂತಹ ಒಂದು ದೀಪ ಬೆಳಗಲಿ.