ಕ್ಯಾಸೆಟ್ಟಿನ ಮದುವೆ, ಡಿವಿಡಿಯ ಲೆಕ್ಕ

ನನ್ನ ಅಕ್ಕನ ಮದುವೆ ಯಶವಂತಪುರದ ಒಂದು ಛತ್ರದಲ್ಲಿ ನಡೆದದ್ದು 1988ರಲ್ಲಿ. ಮದುವೆಗೆ ಫೋಟೋದವನಲ್ಲದೆ ವಿಡಿಯೋದವನೂ ಬರಬೇಕೆಂಬ ರೂಢಿ ನಮ್ಮಂಥವರ ಮನೆಗಳಿಗೆ ಆಗತಾನೆ ಕಾಲಿಡುತ್ತಿದ್ದ ಕಾಲ ಅದು. ಹೆಗಲ ಮೇಲೆ ಕ್ಯಾಮೆರಾ ಹೊತ್ತ ಒಬ್ಬಾತ, ಉರಿಯುವ ದೀಪ ಹಿಡಿದು ಅವನ ಹಿಂದೆಯೇ ಓಡಾಡುವ ಒಬ್ಬ ಹುಡುಗ. ಆ ದೀಪದ ಝಳಕ್ಕೆ ಪುರೋಹಿತರು ಮಂತ್ರವನ್ನು ನಡುವೆ ನಿಲ್ಲಿಸಿ ಗದರಿಕೊಂಡದ್ದೂ ಕ್ಯಾಸೆಟ್ಟಿನಲ್ಲಿ ಉಳಿದಿದೆ. ಮೂರು ಗಂಟೆಯ ಆ ಒಂದೇ ಒಂದು ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ನಮ್ಮ ತಂದೆಯವರು ನಡೆದಾಡುತ್ತಾರೆ, ಮಾತನಾಡುತ್ತಾರೆ. 1994ರಲ್ಲಿ ಅವರು ತೀರಿಕೊಂಡರು. ಅವರ ಚಲಿಸುವ ಚಿತ್ರ ನಮ್ಮಲ್ಲಿ ಬೇರೊಂದಿಲ್ಲ.

ಕೆಲವು ವರ್ಷಗಳ ತರುವಾಯ ಆ ಕ್ಯಾಸೆಟ್ಟನ್ನು ಅಂಗಡಿಯೊಂದಕ್ಕೆ ಕೊಟ್ಟು ಡಿವಿಡಿ ಮಾಡಿಸಿದೆವು. ಯಲಹಂಕದಲ್ಲಿರುವ ಅಕ್ಕನ ಮನೆಯಲ್ಲಿ ಎಲ್ಲರೂ ಕುಳಿತು ನೋಡಿದೆವು. ಮೊದಮೊದಲು ಚೆನ್ನಾಗಿಯೇ ಇತ್ತು. ಧಾರೆಯ ಮುಹೂರ್ತ ಬಂತು, ಗಟ್ಟಿಮೇಳ ಮೊಳಗಿತು, ನಾಲ್ಕೂ ಕಡೆಯಿಂದ ಅಕ್ಷತೆ ಬಿತ್ತು. ಆ ಕ್ಷಣದಲ್ಲಿ ತಂದೆಯವರ ಮುಖ ಸಣ್ಣ ಸಣ್ಣ ಚೌಕಗಳಾಗಿ ಒಡೆದುಹೋಯಿತು. ಅಕ್ಷತೆ ನಿಂತ ಮೇಲೆ ಮುಖ ಮರಳಿ ಕೂಡಿಕೊಂಡಿತು. ಆದರೆ ಅಷ್ಟರಲ್ಲಿ ಧಾರೆ ಮುಗಿದಿತ್ತು.

ಕ್ಯಾಸೆಟ್ಟು ಕೆಟ್ಟಿದೆಯೆಂದು ಅಂಗಡಿಯವರು ಹೇಳಿದರು, ನಾವು ನಂಬಿದೆವು. ಅದು ನಿಜವಲ್ಲವೆಂದು ನನಗೆ ತಿಳಿಯುವುದಕ್ಕೆ ಬಹುಕಾಲ ಹಿಡಿಯಿತು.

ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ, ಬೇಸರಿಸಬಾರದು. ನಮ್ಮ ದೇಶದ ಟೆಲಿವಿಷನ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಕಂಪ್ಯೂಟರಿಗೆ ಇಳಿಸುವಾಗ ಒಂದೊಂದು ಚಿತ್ರವನ್ನೂ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳಾಗಿ ಬಿಡಿಸುತ್ತಾರೆ. ಒಂದು ಚುಕ್ಕೆಯ ಬೆಳಕು ಬಣ್ಣಗಳಿಗೆ ಎರಡು ಬೈಟುಗಳಂತೆ ಹಿಡಿದರೂ ಸೆಕೆಂಡೊಂದಕ್ಕೆ ಸುಮಾರು 207 ಲಕ್ಷ ಬೈಟುಗಳಾಗುತ್ತವೆ. ಅಂಗಡಿಯಲ್ಲಿ ಸಿಗುವ ಸಾಧಾರಣ ಖಾಲಿ ಡಿವಿಡಿ ಹಿಡಿಯುವುದು 470 ಕೋಟಿ ಬೈಟು. ಅಂದರೆ ಇದ್ದದ್ದನ್ನು ಇದ್ದಂತೆಯೇ ಬರೆದರೆ ಅಕ್ಕನ ಮದುವೆಗೆ 48 ಡಿವಿಡಿಗಳು ಬೇಕು. ಒಂದರಲ್ಲಿಯೇ ತುಂಬಬೇಕಾದರೆ 48 ಪಾಲಿನಲ್ಲಿ 47 ಪಾಲನ್ನು ಕೈಬಿಡಬೇಕು. ಯಾವುದನ್ನು ಬಿಡುವುದು? ನಷ್ಟವಾದದ್ದು ಕಣ್ಣಿಗೆ ತಿಳಿಯದಂತೆ ಬಿಡುವುದು ಹೇಗೆ? ಡಿವಿಡಿ ಮಾಡುವ ವಿದ್ಯೆಯೆಲ್ಲ ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ.

ಇದಕ್ಕೆ ಉತ್ತರವನ್ನು ಒದಗಿಸಿದವರಲ್ಲಿ ಮುಖ್ಯರಾದ ಒಬ್ಬರು ನಮ್ಮ ಊರಿನವರು. ನಾಸಿರ್ ಅಹಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಕೆ.ಆರ್. ವೃತ್ತದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ರಾಜ್ಯದಲ್ಲಿ ಅಧ್ಯಾಪಕರಾಗಿದ್ದಾಗ, 1972ರಲ್ಲಿ, ಒಂದು ಹೊಸ ಗಣಿತ ವಿಧಾನವನ್ನು ಪರಿಶೀಲಿಸುವುದಕ್ಕೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯ ಕೇಳಿದರು. ವಿಚಾರ ತೀರ ಸರಳವೆಂದು ಕಂಡಿತೋ ಏನೋ, ಸಹಾಯ ದೊರೆಯಲಿಲ್ಲ. ಅವರು ಬಿಡಲಿಲ್ಲ. ತಮ್ಮ ಶಿಷ್ಯ ಟಿ. ನಟರಾಜನ್ ಮತ್ತು ಟೆಕ್ಸಾಸಿನಲ್ಲಿದ್ದ ಕೆ.ಆರ್. ರಾವ್ ಅವರೊಡನೆ ಸೇರಿ 1974ರ ಜನವರಿಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಕೆಲವೇ ಪುಟಗಳ ಆ ಬರಹದ ಮೇಲೆ ಇಂದು ಜಗತ್ತಿನ ಡಿಜಿಟಲ್ ಫೋಟೋಗಳ ಬಹುಪಾಲೂ, ಡಿವಿಡಿಯ ಚಿತ್ರಗಳೂ ನಿಂತಿವೆ. ಕೆ.ಆರ್. ವೃತ್ತದಲ್ಲಿ ಬಸ್ಸಿಗೆ ಕಾಯುವವರಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು?

ಅವರ ವಿಧಾನದ ತಿರುಳು ಕಷ್ಟವಾದುದಲ್ಲ. ಚಿತ್ರವನ್ನು ಎಂಟೆಂಟು ಚುಕ್ಕೆಗಳ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕದಲ್ಲಿ 64 ಚುಕ್ಕೆ. ಪ್ರತಿಯೊಂದರ ಬೆಳಕನ್ನು ಬೇರೆ ಬೇರೆಯಾಗಿ ಬರೆಯುವ ಬದಲು, ಈ ಚೌಕದಲ್ಲಿ ಒಟ್ಟು ಬೆಳಕೆಷ್ಟು, ಅದರ ಮೇಲೆ ದೊಡ್ಡ ಅಲೆಯ ಏರಿಳಿತವೆಷ್ಟು, ಅದಕ್ಕಿಂತ ಚಿಕ್ಕ ಅಲೆಯದೆಷ್ಟು, ಅತಿ ಸೂಕ್ಷ್ಮವಾದ ಅಲೆಯದೆಷ್ಟು ಎಂದು ಬರೆಯುವುದು. ಹೀಗೆ ಬರೆದಾಗಲೂ ಅಂಕಿಗಳು 64 ಇರುತ್ತವೆ, ನಿಜ. ಆದರೆ ಬೆಲೆಯುಳ್ಳವು ಮೊದಲಿನ ಕೆಲವು ಮಾತ್ರ. ಸೂಕ್ಷ್ಮ ಅಲೆಗಳ ಅಂಕಿಗಳು ಬಹುಮಟ್ಟಿಗೆ ಸೊನ್ನೆಯ ಹತ್ತಿರವಿರುತ್ತವೆ. ಅವನ್ನು ಸೊನ್ನೆಯೆಂದೇ ಎಣಿಸಿಬಿಟ್ಟರೂ ಕಣ್ಣು ಆಕ್ಷೇಪಿಸುವುದಿಲ್ಲ. ಜಾಗ ಇನ್ನೂ ಸಾಲದಾದರೆ ದೊಡ್ಡ ಅಲೆಗಳಿಗೂ ಕತ್ತರಿ ಬೀಳುತ್ತದೆ. ಕೊನೆಗೆ ಉಳಿಯುವುದು ಚೌಕದ ಒಟ್ಟು ಬೆಳಕೊಂದೇ. ಆಗ ಅಕ್ಕಪಕ್ಕದ ಚೌಕಗಳ ಗಡಿ ಎದ್ದು ಕಾಣುತ್ತದೆ. ನಮ್ಮ ತಂದೆಯವರ ಮುಖಕ್ಕೆ ಆದದ್ದು ಅದೇ.

ಅಕ್ಷತೆ ಬಿದ್ದಾಗಲೇ ಏಕೆ? ಡಿವಿಡಿಗೆ ಬಳಸುವ ಎಂಪೆಗ್-2 ಪದ್ಧತಿ ಎಲ್ಲ ಚಿತ್ರಗಳನ್ನೂ ಪೂರ್ತಿಯಾಗಿ ಬರೆಯುವುದಿಲ್ಲ. ಹನ್ನೆರಡೋ ಹದಿನೈದೋ ಚಿತ್ರಗಳ ಗುಂಪಿಗೆ ಒಂದನ್ನು ಪೂರ್ತಿ ಬರೆದು, ಮಿಕ್ಕವುಗಳಲ್ಲಿ ಯಾವ ಭಾಗ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬಷ್ಟನ್ನೇ ಟಿಪ್ಪಣಿ ಮಾಡುತ್ತದೆ. ಹಸೆಯ ಮೇಲೆ ಕುಳಿತ ವಧೂವರರು, ಹಿಂದಿನ ಗೋಡೆ ಇವಕ್ಕೆಲ್ಲ ಇಷ್ಟೇ ಸಾಕು. ಆದರೆ ನೂರಾರು ಅಕ್ಕಿಕಾಳುಗಳು ಒಂದೊಂದು ಒಂದೊಂದು ಕಡೆಗೆ ಹಾರುವಾಗ ಹಿಂದಿನ ಚಿತ್ರದಿಂದ ಕಡ ತರುವುದಕ್ಕೆ ಏನೂ ಇರುವುದಿಲ್ಲ. ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಹರಿಯುವ ನೀರೂ ಹಾಗೆಯೇ. ನಮ್ಮ ಮದುವೆಗಳಲ್ಲಿ ಅತಿ ಮುಖ್ಯವಾದ ಗಳಿಗೆಯೇ ಈ ಯಂತ್ರಕ್ಕೆ ಅತಿ ಕಷ್ಟದ ಗಳಿಗೆ!

ಅಂಗಡಿಯವರು ಮೂರು ಗಂಟೆಯನ್ನೂ ಒಂದೇ ಡಿವಿಡಿಗೆ ತುರುಕಿದ್ದರು. 470 ಕೋಟಿಯನ್ನು ಮೂರು ಗಂಟೆಗೆ ಹಂಚಿದರೆ ಸೆಕೆಂಡಿಗೆ ದಕ್ಕುವುದು ನಾಲ್ಕು ಲಕ್ಷದ ಮೂವತ್ತೈದು ಸಾವಿರ ಬೈಟು. ಡಿವಿಡಿಯ ನಿಯಮದ ಪ್ರಕಾರ ಚಿತ್ರಕ್ಕೆ ಸೆಕೆಂಡಿಗೆ ಹನ್ನೆರಡು ಲಕ್ಷಕ್ಕೂ ಮೀರಿ ಕೊಡಲು ಅವಕಾಶವಿದೆ. ಕೊಂಡು ತರುವ ಸಿನಿಮಾ ಡಿವಿಡಿಯಲ್ಲೂ ಮೂರು ಗಂಟೆ ಇರುತ್ತದಲ್ಲ ಎಂದು ತಾವು ಕೇಳಬಹುದು. ಅಂಥವು ಸಾಮಾನ್ಯವಾಗಿ ಎರಡು ಪದರದವು. 850 ಕೋಟಿ ಹಿಡಿಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಸಿನಿಮಾದ ಮೂಲಚಿತ್ರ ಶುಭ್ರವಾಗಿರುತ್ತದೆ. ಮನೆಯ ಕ್ಯಾಸೆಟ್ಟಿನ ತುಂಬ ನವಿರಾದ ಮರಳು ಹರಿದಾಡುತ್ತಿರುತ್ತದೆ. ನಾವು ಅದನ್ನು ಗಮನಿಸುವುದಿಲ್ಲ; ಯಂತ್ರಕ್ಕೆ ಮಾತ್ರ ಅದೂ ಚಲನೆಯೇ. ತಂದೆಯವರ ಹುಬ್ಬಿಗೂ ಆ ಮರಳಿಗೂ ಅದು ಭೇದ ಎಣಿಸದು.

ಮತ್ತೆ ಮಾಡಿಸೋಣವೆಂದು ಅಕ್ಕನ ಮಗ ಹಟ ಹಿಡಿದ. ಕ್ಯಾಸೆಟ್ಟು ನೋಡುವ ಯಂತ್ರಗಳ ತಯಾರಿಕೆ 2016ರಲ್ಲಿ, ಜಪಾನಿನ ಫುನಾಯ್ ಕಂಪನಿ ಕೈಬಿಟ್ಟೊಡನೆ, ನಿಂತುಹೋಗಿತ್ತು. ಆರ್.ಟಿ. ನಗರದ ನನ್ನ ಮನೆಯ ಪಕ್ಕದವರ ಅಟ್ಟದ ಮೇಲೆ ಒಂದು ಸಿಕ್ಕಿತು. ಪೆನ್ ಡ್ರೈವಿಗೆ ಹಾಕಿಕೊಡುತ್ತೇನೆಂದು ಹುಡುಗ ಅಂದರೆ ಅಕ್ಕ ಒಪ್ಪಲಿಲ್ಲ. ಹಳೆಯ ಡಿವಿಡಿ ಪ್ಲೇಯರಿನ ರಿಮೋಟು ಅವಳಿಗೆ ಕೈಗೂಡಿತ್ತು.

ಈ ಬಾರಿ ಕ್ಯಾಸೆಟ್ಟನ್ನು ಮೊದಲು ಹಾರ್ಡ್ ಡಿಸ್ಕಿಗೆ ಧಾರಾಳವಾಗಿ ಇಳಿಸಿಕೊಂಡು ಅದನ್ನು ಹಾಗೆಯೇ ಜೋಪಾನ ಮಾಡಿದೆವು. ಡಿವಿಡಿಗೆ ಇನ್ನೊಂದು ಪ್ರತಿ; ಅದೂ ಒಂದೂವರೆ ಗಂಟೆಗೊಂದರಂತೆ ಎರಡು. ಯಂತ್ರ ಎರಡು ಸಲ ಓದುವಂತೆ ಏರ್ಪಡಿಸಿದೆವು. ಮೊದಲ ಸಲ ಎಲ್ಲೆಲ್ಲಿ ಕಷ್ಟವಿದೆಯೆಂದು ಗುರುತು ಹಾಕಿಕೊಂಡು, ಎರಡನೆಯ ಸಲ ಸುಮ್ಮನೆ ಕುಳಿತವರಿಂದ ಉಳಿಸಿದ್ದನ್ನು ಅಕ್ಷತೆಯ ಗಳಿಗೆಗೆ ಕೊಡುತ್ತದೆ. ಬಳಿಕ ಪ್ಲೇಯರು ಗುರುತಿಸುವ ಕಡತಗಳ ಕ್ರಮದಲ್ಲಿ ಅಳವಡಿಸಿ, ನಿಧಾನವಾಗಿ ಬರೆಸಿ, ಕೊನೆಯ ಮುದ್ರೆಯನ್ನೂ ಒತ್ತಿದೆವು. ಆ ಮುದ್ರೆ ಬೀಳದ ಡಿವಿಡಿಯನ್ನು ಅನೇಕ ಪ್ಲೇಯರುಗಳು ಒಪ್ಪುವುದಿಲ್ಲ.

ಆದರೂ ಮೊದಲ ಪ್ರಯತ್ನದಲ್ಲಿ ಎಡವಿದೆವು. ಟೆಲಿವಿಷನ್ನಿನ ಪ್ರತಿ ಚಿತ್ರವೂ ಎರಡು ಕಂತುಗಳಲ್ಲಿ ಬರುತ್ತದೆ: ಒಂದು ಕಂತಿನಲ್ಲಿ ಬೆಸ ಗೆರೆಗಳು, ಐವತ್ತನೆಯ ಒಂದು ಸೆಕೆಂಡಿನ ಬಳಿಕ ಸರಿ ಗೆರೆಗಳು. ಯಾವ ಕಂತು ಮೊದಲು ಎಂಬುದನ್ನು ನಾವು ತಪ್ಪಾಗಿ ನಮೂದಿಸಿದ್ದೆವು. ಪರಿಣಾಮವಾಗಿ ಅಲುಗಾಡುವುದೆಲ್ಲ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗಿ ಥರಥರಿಸಿತು. ಆರತಿ ಎತ್ತುವವರ ಕೈ, ದಿಬ್ಬಣದ ಬಸ್ಸಿನ ಕಿಟಕಿಯಾಚೆ ಓಡುವ ಹೆಬ್ಬಾಳದ ಮರಗಳು, ಎಲ್ಲವೂ. ಅಲ್ಲಿ ಮೇಲುಸೇತುವೆ ಇನ್ನೂ ಇಲ್ಲ. ಬಳ್ಳಾರಿ ರಸ್ತೆಯಲ್ಲಿ ನಮ್ಮ ಬಸ್ಸಿನ ಮುಂದೆ ಒಂದು ಎತ್ತಿನ ಗಾಡಿ. ತಿದ್ದಿ ಮತ್ತೆ ಬರೆಸಿದೆವು.

ಅಕ್ಕ ಧಾರೆಯವರೆಗೆ ಏನೂ ಮಾತನಾಡದೆ ನೋಡಿದಳು. ಅಕ್ಷತೆ ಬಿತ್ತು. ಮುಖ ಒಡೆಯಲಿಲ್ಲ. ತಾಯಿ ಗಿಂಡಿಯಿಂದ ನೀರೆರೆಯುತ್ತಿದ್ದಾರೆ; ಕೆಳಗೆ ತಂದೆಯವರ ಕೈ.

"ಅಪ್ಪನ ಕೈ ನಡುಗ್ತಾ ಇದೆ ಕಣೋ," ಎಂದಳು.

"ಇಲ್ಲಮ್ಮ, ಅದು ಕಂತಿನ ತಪ್ಪು ಇರಬೇಕು, ಇನ್ನೂ ಸರಿಹೋಗಿಲ್ಲ," ಎಂದ ಹುಡುಗ. ಹಿಂದಕ್ಕೆ ಓಡಿಸಿ ಮತ್ತೊಮ್ಮೆ ಹಾಕಿದ. ನೀರಿನ ಎಳೆ ನೇರವಾಗಿಯೇ ಇಳಿಯುತ್ತಿತ್ತು. ಪಕ್ಕದಲ್ಲಿದ್ದ ಪುರೋಹಿತರ ಕೈ ಸ್ಥಿರವಾಗಿತ್ತು.